ಹಿಮದ ಕಾನೂನು

ಗಾಳಿ ಬೀಸುವ ತಿಂಗಳಲ್ಲಿ ನಮ್ಮೂರ ನಗರಸಭೆಯವರು
ಚೌಕದ ಮೂಲೆ ಮೂಲೆಗೆ ಹಗ್ಗ ಕಟ್ಟುತ್ತಾರೆ.
ಅದನ್ನು ಹಿಡಿದು ರಸ್ತೆ ದಾಟಬೇಕು.
ಪುಂತಾ ಅರೆನಾಸ್: ಭೂಪಟದ ತೀರಾ ಕೆಳಗೆ,
ಅಲ್ಲಿಂದಾಚೆ ಪುಟ ಹಿಡಿದವರ ಹೆಬ್ಬೆರಳು.

ಏಳನೆಯ ತರಗತಿಯಲ್ಲಿ ನಾವು ಹದಿನೆಂಟು ಹುಡುಗಿಯರು.
ಯಾರೂ ಯಾರನ್ನೂ ಹೊಡೆಯಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಸಿಸ್ಟರ್ ಬೆನೀತಾ ಕೇಳಿದಾಗಲೂ ಇದನ್ನೇ ಹೇಳಿದ್ದೆ,
ಸುಳ್ಳಾಗಿರಲಿಲ್ಲ.

ಗೋಡೆಯಾಚೆ ಗಂಡುಹುಡುಗರು ಮೂಗು ಒಡೆದುಕೊಂಡು
ಮಧ್ಯಾಹ್ನ ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು.
ನಮ್ಮದು ಹಾಗಲ್ಲ.
ನಮ್ಮದಕ್ಕೆ ಹೆಸರಿತ್ತು, ನಮ್ಮಮ್ಮಂದಿರಿಗೂ ಗೊತ್ತಿದ್ದ ಹೆಸರು:
ಹಿಮದ ಕಾನೂನು.
ಒಬ್ಬಳ ಜೊತೆ ಎಲ್ಲರೂ ಒಟ್ಟಿಗೆ ಮಾತು ಬಿಡುವುದು.
ಕಾರಣ ಬೇಕಿಲ್ಲ, ದಿನ ಗೊತ್ತುಮಾಡಿದರೆ ಸಾಕು.

ದಾನಿತ್ಸಾ ಗೊತ್ತುಮಾಡಿದಳು. ಸೋಮವಾರ.
ಅವಳು ಕೆಟ್ಟವಳು ಅಂದುಕೊಳ್ಳಬೇಡಿ,
ನನ್ನ ನಾಯಿ ಸತ್ತಾಗ ನನಗಿಂತ ಹೆಚ್ಚು ಅತ್ತವಳು.
ಬಿಡುವಿನಲ್ಲಿ ನನಗೆ ಜಡೆ ಹಾಕುತ್ತ
ಕಿವಿಯ ಹತ್ತಿರ ಬಾಗಿ ಕೇಳಿದಳು:
"ಎಲ್ವಿರಾಳ ಕೋಟು ಹೊಗೆ ನಾರುತ್ತೆ, ಅಲ್ಲವಾ?"
ಅಲ್ಲವಾ.
ಜಡೆ ಅವಳ ಕೈಯಲ್ಲಿತ್ತು.
ತಲೆ ಆಡಿಸಿದೆನೋ, ಅವಳೇ ಆಡಿಸಿದಳೋ.

ಎಲ್ವಿರಾ ಗ್ವೈಕಿನ್ ಚಿಲೊಯೆ ದ್ವೀಪದಿಂದ ಬಂದವಳು,
ಅಪ್ಪ ಏಡಿ ಹಿಡಿಯುವ ದೋಣಿಯಲ್ಲಿ, ಮನೆಯಲ್ಲಿ ಸೌದೆ ಒಲೆ.
ನನ್ನಜ್ಜಿಯ ಮನೆಯಲ್ಲೂ ಸೌದೆ ಒಲೆಯೇ.
ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಓಡಿ ಬಂದು, ಏದುಸಿರಲ್ಲೇ
"ನಿನ್ನೆ ಏನಾಯ್ತು ಗೊತ್ತಾ" ಅಂತ ಶುರುಮಾಡಿದಳು.
ಏನಾಯ್ತು ಅಂತ
ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಜಾಗದಲ್ಲಿ ಯಾರದೋ ಬ್ಯಾಗು.
ರಬ್ಬರ್ ಕೇಳಿದರೆ, ಅವಳ ಮುಖದೊಳಗಿಂದಲೇ ಹಾದು
ಕಿಟಕಿ ನೋಡುವುದನ್ನು ಕಲಿತೆವು.
ಯಾಸ್ನಾಳ ಹುಟ್ಟುಹಬ್ಬಕ್ಕೆ ಹದಿನಾರು ಚೀಟಿ.
ನಮ್ಮ ಜೋಕಿಗೆ ಎರಡು ಹೆಜ್ಜೆ ದೂರದಿಂದ ಅವಳೂ ನಗುತ್ತಿದ್ದಳು,
ನಾವು ನಿಲ್ಲಿಸಿದ ಮೇಲೂ ಒಂದು ಚೂರು.
ಜೂನ್ ತಿಂಗಳ ಚಳಿಯಲ್ಲಿ ಕೋಟು ಒಗೆದುಕೊಂಡು
ಒದ್ದೆಯಲ್ಲೇ ಬಂದಳು.
"ಈಗ ಸೋಪು ನಾರುತ್ತೆ," ಅಂದಳು ಯಾಸ್ನಾ.

ಸಿಸ್ಟರ್ ಅವಳ ತೋಳು ಮೇಲೆತ್ತಿ ನೋಡಿದರು,
ಈ ಕಡೆ, ಆ ಕಡೆ.
ಎಷ್ಟು ಚೊಕ್ಕ ಚರ್ಮ!

ಸೆಪ್ಟೆಂಬರಿನಲ್ಲಿ ಗಾಳಿ ಬಂತು.
ಶಾಲೆ ಬಿಟ್ಟಾಗ ಸಾಲಾಗಿ ಹಗ್ಗ ಹಿಡಿದು ನಿಂತಿದ್ದೆವು,
ನನಗೂ ಮಿರ್ತಾಗೂ ನಡುವೆ ಒಬ್ಬಳಿಗಾಗುವಷ್ಟು ಜಾಗ.
ಎಲ್ವಿರಾ ಬಂದಳು. ನನ್ನನ್ನಲ್ಲ, ಹಗ್ಗ ನೋಡಿದಳು.
ನಾನು ಕೈ ಸರಿಸಿದೆ.
ಎರಡು ಗೇಣು. ಅಷ್ಟೇ.
ಯಾರೂ ಹೇಳಿರಲಿಲ್ಲ, ದಾನಿತ್ಸಾ ಅವತ್ತು ರಜೆ.

ಬ್ಯಾಗನ್ನು ಎದೆಗವಚಿ, ಬಾಗಿ, ಬರಿಗೈಯಲ್ಲಿ ದಾಟಿದಳು.
ಟೋಪಿ ಹಾರಿಹೋಯಿತು, ಯಾರೂ ನಗಲಿಲ್ಲ.
ಬೀಳಲಿಲ್ಲ ಅವಳು.
ಎಷ್ಟೋ ವರ್ಷ ಇದನ್ನೇ ಸಮಾಧಾನಕ್ಕೆ ಇಟ್ಟುಕೊಂಡಿದ್ದೆ,
ಬೀಳಲಿಲ್ಲವಲ್ಲ.

ಮುಂದಿನ ವರ್ಷ ಕಾನೂನು ನನ್ನ ಮೇಲೆ ಬಂತು, ಹನ್ನೊಂದು ದಿನ.
ಸರಿಹೋಯಿತು ಅಂತ ಲೆಕ್ಕ ಹಾಕಿದೆ.
ಲೆಕ್ಕ ಹಾಗೆ ಸರಿಹೋಗುವುದಿಲ್ಲ;
ಆ ಹನ್ನೊಂದು ದಿನವೂ ಎಲ್ವಿರಾ
ನನಗೆ ರಬ್ಬರ್ ಕೊಟ್ಟಳು.

ಈಗ ನಾನು ಔಷಧಿ ಅಂಗಡಿಯಲ್ಲಿ ಕೂರುತ್ತೇನೆ.
ಮೊನ್ನೆ ಬಂದಿದ್ದಳು, ಮಗಳ ಕೆಮ್ಮಿಗೆ ಸಿರಪ್ಪು ಬೇಕಿತ್ತು.
ಕೂದಲು ನರೆತಿದೆ. ಕೋಟು ಚೆನ್ನಾಗಿದೆ.
"ನಿನ್ನೆ ಏನು ಗಾಳಿ, ಅಲ್ಲವಾ ಸೆನ್ಯೋರಾ," ಅಂದಳು.
ಗುರುತು ಸಿಕ್ಕಿತೋ ಇಲ್ಲವೋ.
ಚಿಲ್ಲರೆಯನ್ನು ಎರಡು ಸಲ ಎಣಿಸಿದೆ.
ಆ ಭಾನುವಾರ ಏನಾಗಿತ್ತು ಹೇಳೇ,
ಓಡಿ ಬಂದಿದ್ದೆಯಲ್ಲ, ಏದುಸಿರಲ್ಲಿ...
ಅವಳ ಹಿಂದಿದ್ದವರು
ಚೀಟಿ ಮುಂದೆ ಚಾಚಿದರು.